ಕೊನೆಯ ಸೈಕಲ್ಲಿನ ಎರಡು ದೀಪ

ರಾತ್ರಿ ಸವಾರಿಗೆ ಮೊದಲ ಸಲ ಹೊರಟಿದ್ದ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ರಾತ್ರಿ ನೀವು ಕೆಂಗೇರಿಯಿಂದ ಮೈಸೂರಿಗೆ ಸೈಕಲ್ ತುಳಿಯೋಕೆ ಹೊರಟಿದ್ದೀರಿ. ಸುಮಾರು 130 ಕಿಲೋಮೀಟರ್. ನಿಮ್ಮಲ್ಲಿ ಬಹಳ ಜನ ಹಗಲಲ್ಲಿ ಅಷ್ಟು ದೂರ ತುಳಿದವರೇ. ಹಾಗಾಗಿ ಕಾಲಿಗೆ ಶಕ್ತಿ ಇದೆಯೋ ಇಲ್ಲವೋ ಅನ್ನೋ ಚಿಂತೆ ನನಗಿಲ್ಲ. ಹೆಲ್ಮೆಟ್ಟು, ನೀರು, ಬಾಳೆಹಣ್ಣು ಇವೆಲ್ಲ ನಿಮಗೆ ಗೊತ್ತು. ನಾನು ಒಂದೇ ವಿಷಯ ಹೇಳೋಕೆ ಬಂದಿದ್ದೇನೆ. ಹನ್ನೆರಡು ಜನ ಹೊರಟರೆ ಹನ್ನೆರಡೂ ಜನ ಜೊತೆಯಲ್ಲೇ ತಲುಪಬೇಕು. ಅದು ತಾನಾಗಿ ಆಗುವ ಕೆಲಸ ಅಲ್ಲ.

ಒಂದು ರಾತ್ರಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು, ಇದೇ ದಾರಿ. ನಾವು ಹನ್ನೆರಡು ಜನ. ಮುಂದೆ ನಾನೇ ಇದ್ದೆ. ರಾತ್ರಿ ಹತ್ತೂವರೆಗೆ ಕೆಂಗೇರಿ ಬಿಟ್ಟೆವು. ಬಿಡದಿ ಹತ್ತಿರ ಒಬ್ಬನ ಚೈನ್ ಕಳಚಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ಗುಂಪಿಗೆ ಹೊಸಬ. ಎಲ್ಲರೂ ನಿಂತೆವು. ಐದು ನಿಮಿಷದಲ್ಲಿ ಸರಿಹೋಯಿತು. ನಮ್ಮಲ್ಲೊಬ್ಬರು, ಬೈಯುವ ಮನಸ್ಸಿನಿಂದ ಖಂಡಿತ ಅಲ್ಲ, "ಬೇಗ ಮುಗಿಸಪ್ಪಾ, ಚಳಿ ಹಿಡೀತಿದೆ" ಅಂದರು. ಅಷ್ಟೇ. ಮತ್ತೆ ಹೊರಟೆವು.

ರಾಮನಗರ ದಾಟಿತು. ಚನ್ನಪಟ್ಟಣ ದಾಟಿತು. ಗೊಂಬೆ ಅಂಗಡಿಗಳ ಶಟರ್ ಎಲ್ಲ ಇಳಿದಿದ್ದವು. ಮದ್ದೂರು ತಲುಪಿದಾಗ ಎರಡೂವರೆ. ರಸ್ತೆ ಬದಿಯಲ್ಲಿ ಒಂದು ಟೀ ಅಂಗಡಿ ತೆರೆದಿತ್ತು. ನಾನು ಇಳಿದು, ಹಿಂದೆ ಬರುತ್ತಿದ್ದ ಲೈಟುಗಳನ್ನು ಎಣಿಸಿದೆ. ಹನ್ನೊಂದು. ನನ್ನದೂ ಸೇರಿ ಹನ್ನೆರಡು. ಸರಿ ಇದೆ ಅಂತ ಒಳಗೆ ಹೋಗಿ ಕೂತೆ.

ಹನ್ನೆರಡು ಟೀ ಹೇಳಿದೆವು. ಹನ್ನೆರಡು ಲೋಟ ಬಂತು, ಹನ್ನೆರಡೂ ಖಾಲಿ ಆಯಿತು. ದುಡ್ಡು ಕೊಡುವ ಹೊತ್ತಿಗೆ ಬಾಗಿಲ ಹತ್ತಿರ ಕೂತಿದ್ದ ಹುಡುಗನೊಬ್ಬ ಎದ್ದು ಬಂದ. "ನಂದು ನಾನೇ ಕೊಡ್ತೀನಿ ಅಣ್ಣ, ನಾನು ನಿಮ್ಮ ಗುಂಪಲ್ಲ" ಅಂದ. ಒಬ್ಬನೇ ಮಂಡ್ಯಕ್ಕೆ ಹೊರಟಿದ್ದನಂತೆ. ದಾರಿಯಲ್ಲಿ ನಮ್ಮ ಲೈಟು ಕಂಡು, ಜೊತೆ ಸಿಕ್ಕಿತಲ್ಲ ಅಂತ ಹಿಂದೆ ಸೇರಿಕೊಂಡಿದ್ದ. ಎಲ್ಲರೂ ಮಂಕಿ ಟೋಪಿ, ಅದರ ಮೇಲೆ ಹೆಲ್ಮೆಟ್. ಮುಖ ಯಾರದು ಕಾಣುತ್ತೆ?

ಚಿಲ್ಲರೆ ನನ್ನ ಕೈಯಲ್ಲೇ ಉಳಿಯಿತು. ಇಲ್ಲದೇ ಇರೋದು ಯಾರು ಅಂತ ಗೊತ್ತಾಗೋಕೇ ಒಂದು ನಿಮಿಷ ಹಿಡಿಯಿತು. ಬ್ಯಾಂಕಿನ ಹುಡುಗ ಇರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

ಮೂವರು ಹಿಂದಕ್ಕೆ ತಿರುಗಿದೆವು. ರಸ್ತೆಯ ಎರಡೂ ಬದಿ ನೋಡುತ್ತಾ, ಹೆಸರು ಕೂಗುತ್ತಾ ಹೋದೆವು. ಸುಮಾರು 20 ಕಿಲೋಮೀಟರ್ ಹಿಂದೆ, ಚನ್ನಪಟ್ಟಣದಲ್ಲಿ, ಮುಚ್ಚಿದ ಗೊಂಬೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಸಿಕ್ಕಿದ. ಗಂಟೆ ನಾಲ್ಕಾಗಿತ್ತು. ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಟ್ಯೂಬು ತೊಡೆಯ ಮೇಲಿತ್ತು. ತೂತು ಹುಡುಕಿ, ಉಜ್ಜಿ, ಪ್ಯಾಚ್ ಕೂಡ ನೀಟಾಗಿ ಅಂಟಿಸಿದ್ದ. ಗಾಳಿ ಹೊಡೆಯೋಕೆ ಪಂಪ್ ಇರಲಿಲ್ಲ. ಪಂಪ್ ಇದ್ದದ್ದು ನನ್ನ ಸೈಕಲ್ಲಿನಲ್ಲಿ, ಎಲ್ಲರಿಗಿಂತ ಮುಂದೆ. ಹೊರಟಾಗಿನಿಂದ ಮ್ಯಾಪ್ ಹಾಕಿಕೊಂಡೇ ಬಂದಿದ್ದರಿಂದ ಅವನ ಫೋನಿನ ಚಾರ್ಜ್ ಮುಗಿದಿತ್ತು.

"ಕೂಗಬಾರದಿತ್ತಾ?" ಅಂತ ಕೇಳಿದೆ.

"ಕೂಗಿದೆ ಅಣ್ಣ. ಜೋರಾಗಿ ಕೂಗಲಿಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆಗಲೇ ಒಂದು ಸಲ ಎಲ್ಲರನ್ನೂ ನಿಲ್ಲಿಸಿದ್ದೆ. ಮತ್ತೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಬೆಳಗ್ಗೆ ಬಸ್ಸೋ ರೈಲೋ ಸಿಕ್ಕರೆ ವಾಪಸ್ ಹೋಗೋಣ ಅಂತಿದ್ದೆ" ಅಂದ.

ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಆ ಚಳಿಯಲ್ಲಿ ಒಬ್ಬನೇ ಕೂತಿದ್ದ. ನಾವು ಅದೇ ಹೊತ್ತಿನಲ್ಲಿ ಬಿಸಿ ಟೀ ಕುಡಿಯುತ್ತಿದ್ದೆವು. ಅವತ್ತು ಮೈಸೂರು ತಲುಪಿದಾಗ ಬಿಸಿಲು ಏರಿತ್ತು, ಹನ್ನೆರಡೂ ಜನ ತಲುಪಿದೆವು. ಆದರೆ "ಜೋರಾಗಿ ಕೂಗಲಿಲ್ಲ" ಅನ್ನೋ ಮಾತು ನನ್ನನ್ನು ಬಿಟ್ಟಿಲ್ಲ. ಆಮೇಲೆ ನಾವು ಮಾಡಿಕೊಂಡ ಪ್ರತಿಯೊಂದು ಪದ್ಧತಿಯ ಹಿಂದೆಯೂ ಆ ಮಾತಿದೆ. ನೋಡಿ, ಗುಂಪು ಒಡೆಯೋದು ಕಾಲು ಸೋತಾಗ ಅಲ್ಲ. ಸೋತವನು ಬಾಯಿ ಬಿಡದೇ ಇದ್ದಾಗ. ಅವನಿಗೆ ಬಾಯಿ ಬಿಡುವ ಧೈರ್ಯ ಕೊಡಬೇಕಾದವರು ಮಿಕ್ಕ ಹನ್ನೊಂದು ಜನ.

ಹಾಗಾಗಿ ಮೊದಲ ಪದ್ಧತಿ ಇದು. ಹೊರಟು ಅರ್ಧ ಗಂಟೆ ಆಗುತ್ತಲೇ ಮುಂದಾಳು ತಾನೇ ಒಂದು ಸಲ ನಿಲ್ಲಿಸಬೇಕು. "ನನ್ನ ಸೀಟು ಸ್ವಲ್ಪ ಎತ್ತರ ಆಯ್ತು, ಎರಡು ನಿಮಿಷ" ಅಂತಲೋ, "ಸ್ವೆಟರ್ ತೆಗೀಬೇಕು" ಅಂತಲೋ ಹೇಳಬೇಕು. ಎಲ್ಲರಿಗಿಂತ ಮೊದಲು ಮುಂದಾಳೇ ನಿಲ್ಲಿಸಿದರೆ, ಆಮೇಲೆ ಯಾರಿಗೂ ನಿಲ್ಲಿಸೋಕೆ ಸಂಕೋಚ ಆಗಲ್ಲ. ಅವತ್ತು ಬಿಡದಿಯಲ್ಲಿ ಚೈನ್ ಕಳಚುವ ಮುಂಚೆ ನಾನು ಒಂದು ಸಲ ನಿಲ್ಲಿಸಿದ್ದರೆ, ಆ ಹುಡುಗ ಚನ್ನಪಟ್ಟಣದಲ್ಲಿ ಗಂಟಲು ಬಿಚ್ಚಿ ಕೂಗುತ್ತಿದ್ದ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಇನ್ನೊಂದು, ಸಾಮಾನು ಕೈಯಿಂದ ಕೈಗೆ ದಾಟುವ ಹಾಗೆ ಕೂಗು ಬಾಯಿಂದ ಬಾಯಿಗೆ ದಾಟಬೇಕು. ಹಿಂದಿನಿಂದ "ನಿಲ್ಸೀ" ಅಂತ ಬಂದರೆ, ಕೇಳಿಸಿಕೊಂಡವರು ಅದನ್ನು ಇನ್ನೂ ಜೋರಾಗಿ ಮುಂದಕ್ಕೆ ಹೇಳಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ನಿಂತ ಮೇಲೆ ಕೇಳೋಣ.

ಎಣಿಸುವ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಲೈಟುಗಳನ್ನು ಎಣಿಸಬೇಡಿ, ತಲೆಗಳನ್ನೂ ಎಣಿಸಬೇಡಿ. ಕತ್ತಲಲ್ಲಿ ಒಂದು ತಲೆ ಇನ್ನೊಂದರ ಹಾಗೇ ಕಾಣುತ್ತೆ. ಸಂಖ್ಯೆ ಹೇಳಿಸಿ. ಹೊರಡುವ ಮುಂಚೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ನಿಂತಾಗೆಲ್ಲ, ಹೊರಡುವಾಗೆಲ್ಲ, ಸ್ಕೂಲಿನ ಡ್ರಿಲ್ ಥರ ಒಂದು, ಎರಡು, ಮೂರು ಅಂತ ಅವರವರೇ ಹೇಳಬೇಕು. ಆರು ಆದ ಮೇಲೆ ಸದ್ದಿಲ್ಲ ಅಂದರೆ ಏಳನೆಯವರು ಇಲ್ಲ. ಎಷ್ಟು ಜನ ಇಲ್ಲ ಅನ್ನೋದಕ್ಕಿಂತ ಯಾರು ಇಲ್ಲ ಅನ್ನೋದು ಆ ಕ್ಷಣದಲ್ಲೇ ಗೊತ್ತಾಗುತ್ತೆ. ಇದಕ್ಕೆ 15 ಸೆಕೆಂಡು ಸಾಕು.

ಈಗ ನಮ್ಮ ದಾರಿಯ ಸ್ವಭಾವ ಸ್ವಲ್ಪ ಹೇಳಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಮದ್ದೂರು ಸುಮಾರು 660. ನಡುವೆ ಏರಿಳಿತ ಇದ್ದರೂ ಒಟ್ಟು ಲೆಕ್ಕದಲ್ಲಿ ನಾವು ಇಳಿಯುತ್ತಲೇ ಹೋಗುತ್ತೇವೆ. ತಂಪು ಗಾಳಿ, ಹೊಸ ಹುರುಪು, ಜೊತೆಗೆ ಇಳಿಜಾರು. ಮೊದಲ ಮೂರು ಗಂಟೆ ಎಲ್ಲರಿಗೂ ತಾವು ಬಹಳ ಗಟ್ಟಿ ಅನ್ನಿಸುತ್ತೆ. ಗುಂಪು ಚದುರಿ ದಿಕ್ಕಾಪಾಲಾಗೋದು ಇಲ್ಲೇ. ಶ್ರೀರಂಗಪಟ್ಟಣ ದಾಟಿದ ಮೇಲೆ ಉಲ್ಟಾ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ. ನಿದ್ದೆಗೆಟ್ಟ ಕಾಲು, ಮೈ ಮೇಲೆ ಬಿಸಿಲು, ಎದುರಿಗೆ ಏರು. ಮೊದಲ ಮೂರು ಗಂಟೆಯಲ್ಲಿ ಉಳಿಸಿಕೊಂಡಿದ್ದರೆ ಇಲ್ಲಿ ಖರ್ಚಿಗೆ ಆಗುತ್ತೆ.

ವೇಗದ ಲೆಕ್ಕ ನೋಡಿ. ಒಬ್ಬರು ಗಂಟೆಗೆ 20 ಕಿಲೋಮೀಟರ್, ಇನ್ನೊಬ್ಬರು 18. ಎರಡೇ ಎರಡು ಕಿಲೋಮೀಟರ್ ವ್ಯತ್ಯಾಸ, ಏನು ಮಹಾ ಅನ್ನಿಸುತ್ತೆ ಅಲ್ವಾ? ಕೆಂಗೇರಿಯಿಂದ ಮದ್ದೂರಿಗೆ ಸುಮಾರು 65 ಕಿಲೋಮೀಟರ್. ಅಷ್ಟರಲ್ಲಿ ಅವರಿಬ್ಬರ ನಡುವೆ 22 ನಿಮಿಷದ ಅಂತರ ಬಿದ್ದಿರುತ್ತೆ. ಈಗ ಮುಂದೆ ತಲುಪಿದವರು ಏನು ಮಾಡುತ್ತಾರೆ? 22 ನಿಮಿಷ ಕೂರುತ್ತಾರೆ, ಟೀ ಕುಡಿಯುತ್ತಾರೆ, ಕಾಲು ಚಾಚುತ್ತಾರೆ. ಹಿಂದಿನವರು ಬಂದು ಇಳಿಯುವ ಹೊತ್ತಿಗೆ ಇವರಿಗೆ ಚಳಿ ಹಿಡಿಯುತ್ತೆ, "ಸರಿ, ಹೊರಡೋಣ್ವಾ?" ಅಂತ ಎದ್ದು ನಿಲ್ಲುತ್ತಾರೆ. ಯಾರಿಗೆ ವಿಶ್ರಾಂತಿ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತೆ. ಮುಂದಿನ ನಿಲ್ದಾಣಕ್ಕೆ ಅವರು ಇನ್ನೂ ಹಿಂದೆ ಬೀಳುತ್ತಾರೆ. ನೋವಿನ ವಿಷಯ ಏನಂದರೆ, ಇದರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಒಳ್ಳೆಯವರಾಗಿದ್ದುಕೊಂಡೇ ಒಬ್ಬರನ್ನು ಸುಸ್ತು ಮಾಡಿ ಕಳೆದುಕೊಳ್ಳುತ್ತಾರೆ.

ಅದಕ್ಕೇ ವಿಶ್ರಾಂತಿಯ ಗಡಿಯಾರ ಶುರುವಾಗೋದು ಕೊನೆಯವರು ಸೈಕಲ್ ಇಳಿದ ಮೇಲೆ. 15 ನಿಮಿಷ ಅಂದರೆ ಅವರ 15 ನಿಮಿಷ. ಹೊರಡೋಣ ಅಂತ ಹೇಳುವ ಹಕ್ಕೂ ಅವರದೇ. ಈ ಒಂದು ಪದ್ಧತಿ ಇಟ್ಟುಕೊಂಡರೆ ಸಾಕು, ವೇಗವಾಗಿ ಹೋಗುವವರು ತಾವಾಗಿಯೇ ನಿಧಾನ ಮಾಡುತ್ತಾರೆ. ಮುಂದೆ ಹೋಗಿ ಚಳಿಯಲ್ಲಿ ಕಾಯೋದಕ್ಕಿಂತ ಜೊತೆಯಲ್ಲಿ ಮಾತಾಡಿಕೊಂಡು ಬರೋದೇ ವಾಸಿ ಅಂತ ಅವರಿಗೇ ಅನ್ನಿಸುತ್ತೆ.

ನಮ್ಮ ದೊಡ್ಡಪ್ಪ ಮಂಡ್ಯ ಕಡೆಯ ಹಳ್ಳಿಯವರು. ಹರೆಯದಲ್ಲಿ ಮಂಡ್ಯದ ಮಂಡಿಗೆ ಬೆಲ್ಲದ ಗಾಡಿ ಹೊಡೆದವರು. ಎತ್ತಿಗೆ ಬಿಸಿಲು ಬೇಡ ಅಂತ ರಾತ್ರಿ ಊಟ ಮುಗಿಸಿ ಕಟ್ಟುತ್ತಿದ್ದರಂತೆ. ಏಳೆಂಟು ಗಾಡಿ ಸಾಲಾಗಿ, ಅಚ್ಚಿನ ಕೆಳಗೆ ತೂಗುವ ಲಾಂದ್ರ. ಚನ್ನಪಟ್ಟಣದ ಕಥೆ ಹೇಳಿದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಕೊನೇ ಗಾಡಿ ಯಾರ್ದು ಇತ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಯವರು ಯಾರು ಅಂತ ನಾವು ಗೊತ್ತು ಮಾಡಿಯೇ ಇರಲಿಲ್ಲ. ಯಾರು ಸೋತರೋ ಅವರೇ ಕೊನೆ.

ದೊಡ್ಡಪ್ಪ ಹೇಳಿದರು: "ಸೋತಿರೋ ಎತ್ತಿನ್ ಗಾಡೀನ ಮುಂದಕ್ ಬುಡ್ಬೇಕು ಕಣ್ಲಾ. ಗಟ್ಟಿ ಜೋಡಿ ಕೊನೇಲಿರ್ಬೇಕು. ಮಧ್ಯದೋರು ಬೇಕಾರೆ ಒಂದ್ ಗಳಿಗೆ ತೂಕಡಿಸ್ಲಿ. ಮೊದಲ್ನೋನು, ಕೊನೇಯೋನು ಕಣ್ ಮುಚ್ಚಂಗಿಲ್ಲ."

ಆವತ್ತಿನಿಂದ ನಮ್ಮ ಸಾಲು ಹಾಗೇ. ಮುಂದೆ ದಾರಿ ಗೊತ್ತಿರುವ ಒಬ್ಬರು. ಅವರ ಬೆನ್ನಿಗೇ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರು. ಅವರ ಉಸಿರಾಟ ಮುಂದಾಳಿಗೆ ಕೇಳಿಸಬೇಕು. ಉಸಿರು ಏರಿತು ಅಂದರೆ ವೇಗ ಇಳಿಸಬೇಕು. ನಡುವೆ ಮಿಕ್ಕವರು. ಕೊನೆಯಲ್ಲಿ ಗುಂಪಿನ ಗಟ್ಟಿ ಆಳು. ಇವರನ್ನು ಸೈಕಲ್ ಮಂದಿ ಸ್ವೀಪ್ ಅಂತಾರೆ. ಏನೇ ಆದರೂ ಇವರ ಹಿಂದೆ ನಮ್ಮವರು ಯಾರೂ ಇರಬಾರದು. ಯಾರಾದರೂ ನಿಂತರೆ ಇವರೂ ನಿಲ್ಲಬೇಕು.

ಪಂಪು, ಎರಡು ಸೈಜಿನ ಟ್ಯೂಬು, ಪ್ಯಾಚ್, ಚೈನ್ ಟೂಲ್, ಒಂದು ಒಳ್ಳೆ ಟಾರ್ಚು, ಪವರ್ ಬ್ಯಾಂಕು, ಪ್ರಥಮ ಚಿಕಿತ್ಸೆ ಡಬ್ಬಿ, ಎಲ್ಲ ಇವರ ಹತ್ತಿರವೇ. ಯಾಕೆ ಅಂತ ಯೋಚನೆ ಮಾಡಿ. ಪಂಕ್ಚರ್ ಆದವರು ನಿಂತರೆ ಮುಂದಾಳು ದೂರ ಆಗುತ್ತಾ ಹೋಗುತ್ತಾರೆ. ಸ್ವೀಪ್ ಮಾತ್ರ ಹತ್ತಿರ ಆಗುತ್ತಾ ಬರುತ್ತಾರೆ. ಸಾಮಾನು ಹಿಂದೆ ಇದ್ದರೆ ಅದು ತಾನಾಗಿ ಬಂದು ಸೇರುತ್ತೆ. ಅವತ್ತು ನನ್ನ ಪಂಪ್ 20 ಕಿಲೋಮೀಟರ್ ಮುಂದೆ ಇದ್ದದ್ದು ಇದಕ್ಕೇ ನನಗೆ ಇವತ್ತಿಗೂ ಚುಚ್ಚುತ್ತೆ.

ಸ್ವೀಪ್ ಎರಡು ಲೈಟು ಹಾಕಿಕೊಳ್ಳಬೇಕು. ಒಂದು ಹ್ಯಾಂಡಲ್ ಮೇಲೆ, ಇನ್ನೊಂದು ಹೆಲ್ಮೆಟ್ ಮೇಲೆ. ಮಿಕ್ಕ ಎಲ್ಲರಿಗೂ ಹ್ಯಾಂಡಲ್ ಲೈಟು ಮಾತ್ರ. ಆಗ ಮುಂದಾಳು ಹಿಂತಿರುಗಿ ನೋಡಿದಾಗ ಬೇರೆ ಯಾವುದನ್ನೂ ಎಣಿಸಬೇಕಾಗಿಲ್ಲ. ಮೇಲೊಂದು ಕೆಳಗೊಂದು ಎರಡು ಬೆಳಕು ಕಂಡವಾ? ಎಲ್ಲರೂ ಇದ್ದಾರೆ. ಎರಡು ಬೆಳಕು ಕಾಣಲಿಲ್ಲವಾ? ನಿಲ್ಲಿ. ಆ ಬ್ಯಾಂಕಿನ ಹುಡುಗ ಈಗ ನಮ್ಮಲ್ಲಿ ಹೆಚ್ಚಿನ ಸಲ ಸ್ವೀಪ್ ಆಗಿ ಬರುತ್ತಾನೆ. ಇದು ಅವನೇ ಹೇಳಿಕೊಟ್ಟ ಉಪಾಯ. ಹಿಂದೆ ಉಳಿದು ಕೂತವನಿಗೆ, ಮುಂದೆ ಇರುವವರ ಕಣ್ಣಿಗೆ ಏನು ಬೀಳಬೇಕು ಅನ್ನೋದು ಚೆನ್ನಾಗಿ ಗೊತ್ತಿತ್ತು.

ಜೊತೆಯಾಗಿ ತಲುಪೋದನ್ನೇ ನಿಯಮ ಮಾಡಿಕೊಂಡ ಒಂದು ಹಳೆಯ ಸವಾರಿ ಫ್ರಾನ್ಸಿನಲ್ಲಿದೆ. ಅದರ ಬಗ್ಗೆ ಹೇಳೋಕೆ ನನಗೆ ತುಂಬ ಇಷ್ಟ. ನಿಮ್ಮಲ್ಲಿ ಕೆಲವರು ಬ್ರೆವೆ, ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡಿದ್ದೀರಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ. ಅಲ್ಲಿ ಪ್ರತಿಯೊಬ್ಬರದೂ ಅವರವರ ಲೆಕ್ಕ. ಫ್ಲೆಷ್ ವೆಲೋಸಿಯೊ ಅಂತ ಇನ್ನೊಂದು ಬಗೆ ಇದೆ. ಫ್ಲೆಷ್ ಅಂದರೆ ಬಾಣ. ವೆಲೋಸಿಯೊ ಅನ್ನೋದು ಪಾಲ್ ದ ವಿವಿ ಅನ್ನೋ ಫ್ರೆಂಚ್ ಸೈಕಲ್ ಪ್ರೇಮಿಯ ಕಾವ್ಯನಾಮ. ಅವರು 1930ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1947ರಿಂದ ಈಸ್ಟರ್ ಹಬ್ಬದ ಹೊತ್ತಿಗೆ ಈ ಸವಾರಿ ನಡೆಯುತ್ತೆ. ಒಂದು ತಂಡಕ್ಕೆ ಮೂರರಿಂದ ಐದು ಸೈಕಲ್. 24 ಗಂಟೆ ತುಳಿಯಬೇಕು, ಕಡಿಮೆ ಅಂದರೂ 360 ಕಿಲೋಮೀಟರ್. ನಡುವೆ ರಾತ್ರಿ ಬಂದೇ ಬರುತ್ತೆ. ಒಂದು ಜಾಗದಲ್ಲಿ ಎರಡು ಗಂಟೆಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ಕೊನೆಯ ಎರಡು ಗಂಟೆಯಲ್ಲಿ 25 ಕಿಲೋಮೀಟರ್ ಆದರೂ ತುಳಿಯಲೇಬೇಕು. ಕೊನೆಯಲ್ಲಿ ಕನಿಷ್ಠ ಮೂರು ಸೈಕಲ್ ಜೊತೆಯಾಗಿ ತಲುಪಬೇಕು. ತಂಡದ ಒಬ್ಬ ಗಾಳಿಯ ಹಾಗೆ ಬಂದು ಮೊದಲು ತಲುಪಿದರೂ ಮೂರು ಸೈಕಲ್ ಇಲ್ಲದೇ ಹೋದರೆ ಅವನ 24 ಗಂಟೆಯೂ ಲೆಕ್ಕಕ್ಕಿಲ್ಲ. ಒಬ್ಬೊಬ್ಬರ ಸಮಯ ಅನ್ನೋದೇ ಅಲ್ಲಿಲ್ಲ. ನಾನು ಆ ನಿಯಮಗಳನ್ನು ಮೊದಲು ಓದಿದಾಗ ದೊಡ್ಡಪ್ಪನ ಗಾಡಿ ಸಾಲೇ ನೆನಪಾಯಿತು.

ಇನ್ನು ಸಾಲು ತುಂಡಾಗುವ ಜಾಗಗಳು. ಹಂಪ್‌ಗಳಿಂದ ಶುರು ಮಾಡೋಣ.

2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಸೈಕಲ್ಲಿಗೂ ಇಲ್ಲ. ನಾವು ಹೋಗೋದು ಸರ್ವೀಸ್ ರೋಡು, ಊರೊಳಗಿನ ಹಳೇ ರಸ್ತೆ. ಅಲ್ಲಿ ಹಂಪ್ ಜಾಸ್ತಿ. ಹನ್ನೆರಡು ಜನ ಐದೈದು ಮೀಟರ್ ಅಂತರ ಬಿಟ್ಟು ಬಂದರೆ ಸಾಲು ಹತ್ತಿರ ಹತ್ತಿರ 60 ಮೀಟರ್. ಹಂಪ್ ಮೇಲೆ ಎಲ್ಲರೂ ಗಂಟೆಗೆ ಹತ್ತು ಕಿಲೋಮೀಟರಿಗೆ ಇಳಿಸುತ್ತಾರೆ ಅಂದುಕೊಳ್ಳಿ. ಆ ವೇಗದಲ್ಲಿ 60 ಮೀಟರ್ ಸಾಲು ದಾಟೋಕೆ ಸುಮಾರು 20 ಸೆಕೆಂಡ್ ಬೇಕು. ಮುಂದಾಳು ಹಂಪ್ ಇಳಿದ ತಕ್ಷಣ ವೇಗ ಎತ್ತಿದರೆ, ಕೊನೆಯವರು ಹಂಪ್ ಹತ್ತುವ ಹೊತ್ತಿಗೆ ಸಾಲು ಹೆಚ್ಚು ಕಡಿಮೆ ಎರಡರಷ್ಟು ಉದ್ದ ಆಗಿರುತ್ತೆ. ಹಿಂದಿನವರು ಎದ್ದು ನಿಂತು ತುಳಿದು ಹಿಡಿಯಬೇಕು. ಒಂದು ರಾತ್ರಿಗೆ ಇಂಥ ಹಂಪ್ ಎಷ್ಟು! ಪ್ರತಿ ಸಲವೂ ಹಿಂದಿನವರದ್ದೇ ಓಟ. ಆದ್ದರಿಂದ ಹಂಪ್ ಇಳಿದ ಮೇಲೆ ಮುಂದಾಳು ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಬೇಕು. ಆಮೇಲೆ ವೇಗ.

ತಿರುವುಗಳಲ್ಲಿ ಒಬ್ಬರು ನಿಲ್ಲಬೇಕು. ಸರ್ವೀಸ್ ರೋಡ್ ಮುಗಿದು ಊರೊಳಗೆ ಹೋಗುವ ಜಾಗ, ಬೈಪಾಸ್ ಕವಲೊಡೆಯುವ ಜಾಗ, ಇಲ್ಲೆಲ್ಲ ನಡುವಿನವರಲ್ಲಿ ಮುಂದಿರುವವರು ಪಕ್ಕಕ್ಕೆ ಇಳಿದು, ಎರಡು ದೀಪ ಬರುವ ತನಕ ಕೈ ತೋರಿಸುತ್ತಾ ನಿಂತಿರಬೇಕು. ಮುಂದಿನ ತಿರುವಿಗೆ ಇನ್ನೊಬ್ಬರು. ಮ್ಯಾಪ್ ಇದೆ ಅಂತ ಇದನ್ನು ಬಿಡಬೇಡಿ. ಕತ್ತಲಲ್ಲಿ ಒಂದು ಸಲ ತಪ್ಪಿ ಎಕ್ಸ್‌ಪ್ರೆಸ್‌ವೇ ಹತ್ತಿದವರು ಲಾರಿ, ಕಾರುಗಳ ನಡುವೆ ಸಿಕ್ಕಿಕೊಳ್ಳುತ್ತಾರೆ.

ಹಾಗೂ ಯಾರಾದರೂ ತಪ್ಪಿಸಿಕೊಂಡರೆ? ಚಿಕ್ಕವರಿದ್ದಾಗ ಜಾತ್ರೆಗೆ ಕರಕೊಂಡು ಹೋಗುವಾಗ ಅಮ್ಮ ಹೇಳುತ್ತಿದ್ದರಲ್ಲ, "ತಪ್ಪಿಸ್ಕೊಂಡ್ರೆ ತೇರಿನ ಹತ್ರ ನಿಂತಿರು, ಎಲ್ಲೂ ಹೋಗ್ಬೇಡ" ಅಂತ. ಅದೇ. ತಪ್ಪಿಸಿಕೊಂಡವರು ಹುಡುಕಬಾರದು, ಬೆಳಕಿರುವ ಜಾಗದಲ್ಲಿ ನಿಲ್ಲಬೇಕು. ಹುಡುಕೋದು ಗುಂಪಿನ ಕೆಲಸ. ಇಬ್ಬರೂ ಹುಡುಕಿದರೆ ಒಬ್ಬರಿಗೊಬ್ಬರು ಸಿಗೋದೇ ಇಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ಒಬ್ಬರು ಓಡಿದರೆ ನಾಯಿ ಅವರ ಹಿಂದೆಯೇ ಹೋಗುತ್ತೆ, ಗುಂಪು ಎರಡಾಗುತ್ತೆ. ನಿಧಾನ ಮಾಡಿ, ಒತ್ತಾಗಿ ಬನ್ನಿ, ಗಟ್ಟಿ ದನಿಯಲ್ಲಿ "ಏಯ್, ಹೋಗು" ಅನ್ನಿ. ಹೆಚ್ಚಿನ ನಾಯಿಗಳಿಗೆ ಅಷ್ಟು ಸಾಕು.

ಮಂಡ್ಯದ ಆಸುಪಾಸಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಎಚ್ಚರ ಇರಲಿ. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯೆಲ್ಲ ಸಾಗಿಸುತ್ತಾರೆ. ಎಷ್ಟೋ ಟ್ರೈಲರ್‌ಗಳಿಗೆ ಹಿಂದೆ ಕೆಂಪು ದೀಪ ಇರಲ್ಲ. ಇದ್ದರೂ ಜಲ್ಲೆ ಹಿಂದಕ್ಕೆ ಚಾಚಿಕೊಂಡು ಮುಚ್ಚಿರುತ್ತೆ. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆ ಆಗುತ್ತೆ, ನಿಜ. ಹಗಲಲ್ಲಿ ಮಾಡಿ. ರಾತ್ರಿ ಬೇಡ. ಮುಂದಿನವರು ಗುಂಡಿ ತಪ್ಪಿಸಿದರೆ ಅದು ನಿಮ್ಮ ಪಾಲಿಗೆ ಬರುತ್ತೆ.

ಮೂರರಿಂದ ಐದು ಗಂಟೆಯ ನಡುವಿನ ಹೊತ್ತಿಗೆ ಬರೋಣ. ನಮ್ಮ ಮೈಯ ಬಿಸಿ ದಿನದಲ್ಲೇ ಕಡಿಮೆ ಇರೋದು ಆ ಹೊತ್ತಿಗೆ. ನಿದ್ದೆ ಒತ್ತಿಕೊಂಡು ಬರುತ್ತೆ. ಗದ್ದೆ ಬಯಲಿನ ಚಳಿ ಬೇರೆ. ನೀವು ಎಷ್ಟೇ ಗಟ್ಟಿ ಇರಿ, ಅದು ಬಂದೇ ಬರುತ್ತೆ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಗುಂಪು ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತೆ. ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅದನ್ನು ಶಾಂತಿ ಅಂದುಕೊಳ್ಳಬೇಡಿ. ಹಿಂದೆ ಬರುವವರು ಮುಂದಿನವರ ಚಕ್ರ ನೋಡುತ್ತಿರಬೇಕು. ಚಕ್ರ ಸಣ್ಣಗೆ ಅತ್ತಿತ್ತ ವಾಲುತ್ತಿದೆಯಾ? ಕಾಣುವ ಗುಂಡಿಯನ್ನೂ ತಪ್ಪಿಸದೆ ಮೇಲೆ ಹಾಯಿಸುತ್ತಿದ್ದಾರಾ? ಕೇಳಿದ ಮಾತಿಗೆ ಉತ್ತರ ತಡವಾಗಿ ಬರುತ್ತಿದೆಯಾ?

"ಸರಿ ಇದ್ದೀರಾ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ "ಹೂಂ" ಅಂತಾರೆ. ಚನ್ನಪಟ್ಟಣದ ಮೆಟ್ಟಿಲ ಮೇಲೆ ಕೂತಿದ್ದ ಹುಡುಗನನ್ನು ಕೇಳಿದ್ದರೂ "ಹೂಂ" ಅಂತಲೇ ಅನ್ನುತ್ತಿದ್ದ. ಯೋಚನೆ ಮಾಡಿ ಉತ್ತರ ಹೇಳಬೇಕಾದ ಪ್ರಶ್ನೆ ಕೇಳಿ. "ಕೊನೇ ಸಲ ಏನು ತಿಂದ್ರಿ? ಎಷ್ಟು ಹೊತ್ತಾಯ್ತು?" ನೆನಪಾಗದೆ ತಡವರಿಸಿದರೆ ಅವರಿಗೆ ತಿನ್ನೋಕೆ ಬೇಕು, ಇಲ್ಲ ನಿದ್ದೆ ಬೇಕು. ಪೆಟ್ರೋಲ್ ಬಂಕಿನ ಪಕ್ಕದಲ್ಲೋ, ತೆರೆದಿರುವ ಹೋಟೆಲಿನ ಜಗಲಿಯಲ್ಲೋ ಕೇಳಿಕೊಂಡು ಮಲಗಿ. 15, 20 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಮಲಗಿದರೆ ಎದ್ದ ಮೇಲೆ ಮೈ ಇನ್ನೂ ಭಾರ. ಒಬ್ಬರಿಗೆ ನಿದ್ದೆ ಬೇಕು ಅಂದರೆ ಎಲ್ಲರೂ ಮಲಗಿ, ಒಬ್ಬರು ಎಚ್ಚರ ಇರಲಿ. ಒಬ್ಬರನ್ನೇ ಮಲಗಿಸಿ ಹನ್ನೊಂದು ಜನ ಸುತ್ತ ನಿಂತರೆ ಯಾರಿಗೆ ನಿದ್ದೆ ಬರುತ್ತೆ ಹೇಳಿ.

ಮಾತಿನ ಕೊನೆಗೆ ಕೆಲವು ಪ್ರಶ್ನೆ ಬಂದವು. ಒಬ್ಬರು ಕೇಳಿದರು, "ಸಾರ್, ನಮಗೆ ಐದು ಗಂಟೆಯಲ್ಲಿ ಮುಗಿಸುವ ಶಕ್ತಿ ಇದೆ. ಎಲ್ಲರ ಜೊತೆ ನಿಧಾನ ಬಂದರೆ ನಮಗೇ ಸುಸ್ತು. ಏನು ಮಾಡೋದು?" ಇದು ನ್ಯಾಯವಾದ ಪ್ರಶ್ನೆ. ನಿಧಾನ ತುಳಿಯೋದೂ ಕೆಲವರಿಗೆ ಕಷ್ಟವೇ. ಎರಡು ಗುಂಪು ಮಾಡಿ. ತಪ್ಪೇನಿಲ್ಲ. ಆದರೆ ಅದು ಕೆಂಗೇರಿಯಲ್ಲೇ ತೀರ್ಮಾನ ಆಗಲಿ, ರಾಮನಗರದ ಕತ್ತಲಲ್ಲಿ ಅಲ್ಲ. ಎರಡಕ್ಕೂ ಬೇರೆ ಬೇರೆ ಮುಂದಾಳು, ಬೇರೆ ಬೇರೆ ಸ್ವೀಪ್, ಬೇರೆ ಬೇರೆ ಪಂಪು. ಮೂವರಿಗಿಂತ ಕಡಿಮೆ ಇರುವ ಗುಂಪು ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಪಕ್ಕದಲ್ಲಿರಬೇಕು, ಇನ್ನೊಬ್ಬರು ಸಹಾಯ ಕರೆಯಬೇಕು. ದಾರಿಯ ಮಧ್ಯೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯೋದು ಮಾತ್ರ ಆಗಬಾರದು.

ಎರಡನೇ ಸಾಲಿನಲ್ಲಿದ್ದ ಒಬ್ಬ ಅಕ್ಕ ಶೌಚಾಲಯದ ಬಗ್ಗೆ ಕೇಳಿದರು. ಇದನ್ನು ಕೇಳಿದ್ದಕ್ಕೆ ಅವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಿದೆ. ಗಂಡಸರೇ ಸೇರಿ ನಿಲ್ಲುವ ಜಾಗ ಗೊತ್ತು ಮಾಡಿದರೆ ಇದು ಮರೆತೇ ಹೋಗುತ್ತೆ. ಆಗ ಹೆಣ್ಣುಮಕ್ಕಳು ನೀರು ಕುಡಿಯೋದನ್ನೇ ಕಡಿಮೆ ಮಾಡುತ್ತಾರೆ, ಬಾಯಿ ಬಿಟ್ಟು ಹೇಳಲ್ಲ. ಅದೂ ಜೋರಾಗಿ ಕೂಗದೇ ಇರುವ ಕಥೆಯೇ. ನಿಲ್ದಾಣಗಳನ್ನು ಟೀ ಅಂಗಡಿ ನೋಡಿ ಗೊತ್ತು ಮಾಡಬೇಡಿ. ರಾತ್ರಿ ತೆರೆದಿರುವ, ದೀಪ ಇರುವ, ಶೌಚಾಲಯಕ್ಕೆ ಬಾಗಿಲು ಚಿಲಕ ಸರಿ ಇರುವ ಪೆಟ್ರೋಲ್ ಬಂಕ್ ನೋಡಿ ಮಾಡಿ. ಈ ವಾರ ನಾವು ಇಬ್ಬರು ಹೋಗಿ ನೋಡಿಕೊಂಡು ಬರುತ್ತೇವೆ, ಅವರಲ್ಲಿ ಒಬ್ಬರು ಈ ಅಕ್ಕನೇ. ತಿರುವಿನಲ್ಲಿ ನಿಲ್ಲುವ ಸರದಿ ಹೆಣ್ಣುಮಕ್ಕಳಿಗೆ ಬಂದರೆ ಜೊತೆಗೆ ಇನ್ನೊಬ್ಬರು ನಿಲ್ಲಲಿ.

ಪೂರ್ತಿ ಆಗಲ್ಲ ಅನ್ನಿಸಿದವರು ಏನು ಮಾಡಬೇಕು ಅಂತಲೂ ಒಬ್ಬರು ಕೇಳಿದರು. ನಮ್ಮ ಪುಣ್ಯಕ್ಕೆ ಈ ದಾರಿಯುದ್ದಕ್ಕೂ ರೈಲು ಹಳಿ ಇದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಕಡೆ ಸ್ಟೇಷನ್ ಇದೆ. ಅಲ್ಲಿಯ ತನಕ ಗುಂಪು ಜೊತೆಗೆ ಬರುತ್ತೆ. ಒಬ್ಬರು ಅವರ ಜೊತೆ ಉಳಿಯುತ್ತಾರೆ. ಉಳಿಯುವವರು ಯಾರು ಅಂತ ಆಗ ಚರ್ಚೆ ಮಾಡೋದು ಬೇಡ, ಈಗಲೇ ಹೇಳಿಬಿಡುತ್ತೇನೆ. ಈ ಸಲ ನಾನು ಉಳಿಯುತ್ತೇನೆ.

ಕೊನೆಯ ಪ್ರಶ್ನೆ ಹಿಂದಿನ ಕೆಂಪು ಲೈಟಿನದು. ಮಿಟುಕಿಸುವ ಹಾಗೆ ಇಡಬೇಕೋ, ಒಂದೇ ಸಮ ಉರಿಸಬೇಕೋ? ಗುಂಪಿನ ಒಳಗೆ ಎಲ್ಲರದೂ ಒಂದೇ ಸಮ ಉರಿಯಲಿ, ಸ್ವಲ್ಪ ಕೆಳಮುಖ ಮಾಡಿ. ಮಿಟುಕುವ ಲೈಟನ್ನು ಐದು ಮೀಟರ್ ದೂರದಿಂದ ರಾತ್ರಿಯೆಲ್ಲ ನೋಡಿದರೆ ಕಣ್ಣು ಉರಿಯುತ್ತೆ, ಅಂತರವೂ ಸರಿಯಾಗಿ ತಿಳಿಯಲ್ಲ. ಹಿಂದಿನಿಂದ ಬರುವ ವಾಹನಗಳಿಗೆ ಕಾಣಲಿ ಅಂತ ಸ್ವೀಪ್ ಒಬ್ಬರದು ಮಾತ್ರ ಮಿಟುಕಲಿ. ಶುಕ್ರವಾರದೊಳಗೆ ಒಂದು ಸಲ ಲೈಟನ್ನು ಪೂರ್ತಿ ಚಾರ್ಜ್ ಮಾಡಿ, ಮನೆಯಲ್ಲೇ ಉರಿಸಿ, ಎಷ್ಟು ಗಂಟೆ ಬರುತ್ತೆ ನೋಡಿ. ಶುಕ್ರವಾರ ರಾತ್ರಿ ಮತ್ತೆ ಚಾರ್ಜ್ ಹಾಕಿ ಮಲಗಿ. ಎಂಟು ಗಂಟೆಗಿಂತ ಕಡಿಮೆ ಬಂದರೆ ಇನ್ನೊಂದು ಲೈಟು ತನ್ನಿ. ಎದೆಗೆ ಹೊಳೆಯುವ ಪಟ್ಟಿ ಇರುವ ಜಾಕೆಟ್ ಎಲ್ಲರಿಗೂ ಬೇಕು.

ಶನಿವಾರ ಒಂಬತ್ತೂವರೆಗೆ ಬನ್ನಿ. ಬಂದ ತಕ್ಷಣ ನಿಮ್ಮ ಸಂಖ್ಯೆ ಕೇಳಿ ತಗೊಳ್ಳಿ. ಪಂಪು, ಟ್ಯೂಬು ಇದ್ದವರು ಹಿಂದೆ ಕಳಿಸಿ. ಎಲ್ಲರೂ ಒಂದು ಸಲ "ನಿಲ್ಸೀ" ಅಂತ ಜೋರಾಗಿ ಕೂಗಿ ನೋಡೋಣ, ರೂಢಿ ಆಗಲಿ. ಹತ್ತೂವರೆಗೆ ಹೊರಡೋಣ.